ಟೆಸ್ಟೆಲ್ಲ ಪಾಸು, ಎಫ್‌ಜಿ ಅಂದ ಕೂಡಲೇ ಗೋತಾ

ನಾನೇ ಬರೆದ ಒಂದು ಪುಟ್ಟ ಸ್ಯಾಂಡ್‌ಬಾಕ್ಸ್. ಒಳಗಿನ ಪ್ರೋಗ್ರಾಂ ಲಿನಕ್ಸ್ ಕರ್ನಲ್‌ಗೆ ಮಾಡುವ ಕೋರಿಕೆಗಳಲ್ಲಿ (ಸಿಸ್ಟಮ್ ಕಾಲ್) ಪಟ್ಟಿಯಲ್ಲಿರುವುದನ್ನಷ್ಟೇ ಬಿಡುವ ಬೇಲಿ ಅದು. ಒಳಗಿದ್ದ ಪ್ರೋಗ್ರಾಂ ಸ್ಲೀಪ್‌ನಲ್ಲಿ ಸುಮ್ನೆ ಮಲಗಿತ್ತು. ಕಂಟ್ರೋಲ್-ಝಡ್ ಒತ್ತಿ, ಅಂದರೆ 'ನಿಲ್ಲು' ಅನ್ನುವ ಸಿಗ್ನಲ್ ಕಳಿಸಿ, ನಿಲ್ಲಿಸಿದೆ. ಆಮೇಲೆ ಮತ್ತೆ ಓಡಿಸಲು ಎಫ್‌ಜಿ ಕಮಾಂಡ್ ಕೊಟ್ಟೆ. 'ಬ್ಯಾಡ್ ಸಿಸ್ಟಮ್ ಕಾಲ್' ಅಂತ ಬಂತು, ಪ್ರೋಗ್ರಾಂ ಸತ್ತೇ ಹೋಯಿತು. ಟೆಸ್ಟೆಲ್ಲ ಪಾಸಾಗಿದ್ದವು ಮಾರಾಯ್ರೇ!

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು. ಅರ್ಧಕ್ಕೆ ನಿಂತ ಸ್ಲೀಪನ್ನು ಲಿನಕ್ಸ್ ಮುಂದುವರಿಸುವಾಗ ರೀಸ್ಟಾರ್ಟ್_ಸಿಸ್‌ಕಾಲ್ ಅನ್ನುವ ಬೇರೊಂದು ಕಾಲ್ ಬರುತ್ತದೆ. ಎಕ್ಸ್86-64ರಲ್ಲಿ ಅದರ ನಂಬರ್ 219. ನಮ್ಮ ಕೋಡ್‌ನಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ, ಕರ್ನಲ್ಲೇ ಮಾಡಿಸುವುದು. ನಾನೋ, ಪ್ರೋಗ್ರಾಂ ಮಾಡುವ ಕಾಲ್‌ಗಳನ್ನು ತೋರಿಸುವ ಸ್ಟ್ರೇಸ್ ಹಾಕಿ, ಕಂಡ ಕಾಲ್‌ಗಳನ್ನಷ್ಟೇ ಸೆಕ್‌ಕಾಂಪ್ (ಕಾಲ್‌ಗಳನ್ನು ತಡೆಯುವ ಕರ್ನಲ್ ಸೌಲಭ್ಯ) ಪಟ್ಟಿಗೆ ಸೇರಿಸಿದ್ದೆ. ಸಿಗ್ನಲ್ಲೇ ಬರದಿದ್ದರೆ ಅದು ಸ್ಟ್ರೇಸ್‌ನಲ್ಲಿ ಕಾಣುವುದಾದರೂ ಹೇಗೆ?

ಸಿಗ್ನಲ್ ಹ್ಯಾಂಡ್ಲರ್‌ನಿಂದ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ವಾಪಸ್ ಬರಲು ಬೇಕಾದ ಆರ್‌ಟಿ_ಸಿಗ್‌ರಿಟರ್ನ್ ಕಾಲ್‌ನ ಕಥೆಯೂ ಇದೇ. ಹ್ಯಾಂಡ್ಲರ್ ತನ್ನ ಕೆಲಸ ಪೂರ್ತಿ ಮಾಡುತ್ತದೆ, ವಾಪಸ್ ಬರುವ ಬಾಗಿಲಲ್ಲಿ ಸಾಯುತ್ತದೆ. 2005ರಲ್ಲಿ ಬಂದ ಮೊದಲ ಸೆಕ್‌ಕಾಂಪ್ ಬಿಡುತ್ತಿದ್ದದ್ದು ನಾಲ್ಕೇ ಕಾಲ್: ರೀಡ್, ರೈಟ್, ಎಕ್ಸಿಟ್, ಸಿಗ್‌ರಿಟರ್ನ್. ಅಷ್ಟು ಜಿಪುಣ ಪಟ್ಟಿಯಲ್ಲೂ ಇದಕ್ಕೆ ಜಾಗ ಇತ್ತು ನೋಡಿ. 2012ರಲ್ಲಿ, ಯಾವ ಕಾಲ್ ಬಿಡಬೇಕು ಅಂತ ನಾವೇ ಬರೆಯುವ ಬಿಪಿಎಫ್ ಫಿಲ್ಟರ್ ಬಂದು ಪಟ್ಟಿ ನಮ್ಮ ಕೈಗೆ ಸಿಕ್ಕಿತು, ನಾವು ಮರೆಯತೊಡಗಿದೆವು.

ಸ್ಯಾಂಡ್‌ಬಾಕ್ಸ್ ಟೆಸ್ಟ್ ಅಂದರೆ 'ಬೇಡದ ಕಾಲ್ ಮಾಡಿಸು, ಸತ್ತರೆ ಪಾಸ್' ಅಂತ ಬರೆಯುವ ಚಾಳಿ ನನಗೂ ಇತ್ತು. ಯಾವುದರಿಂದ ಸತ್ತಿತು ಅಂತ ಕೇಳಬೇಡವೇ? ತಪ್ಪು ಮೆಮೊರಿ ಮುಟ್ಟಿ ಸೆಗ್‌ಫಾಲ್ಟ್ ಆಗಿದ್ದರೂ ಸಾವೇ ಅಲ್ವಾ! ಪ್ರೋಗ್ರಾಂ ಹೇಗೆ ಮುಗಿಯಿತು ಅಂತ ಹೇಳುವ ವೇಟ್‌ಪಿಡ್ ಕೊಟ್ಟ ಸ್ಟೇಟಸ್ ಬಿಡಿಸಿ, ಬೇಡದ ಕಾಲ್‌ಗೆ ಬರುವ ಸಿಗ್ನಲ್ ಸಿಗ್‌ಸಿಸ್, ಅಂದರೆ 31, ಇದೆಯಾ ನೋಡಬೇಕು. ಶೆಲ್‌ನಲ್ಲಾದರೆ ಅದಕ್ಕೆ 128 ಕೂಡಿ 159. ನನ್ನ ಹಳೆಯ ಟೆಸ್ಟ್‌ಗಳನ್ನು ಹೀಗೆ ತಿದ್ದಿದಾಗ ಎರಡು ಕೆಂಪಾದವು. ಇಷ್ಟು ದಿನ ಅವು ಸೆಗ್‌ಫಾಲ್ಟ್‌ನ ಸಿಗ್ನಲ್ ಸಿಗ್‌ಸೆಗ್ವ್‌ನಿಂದ ಸತ್ತು ಪಾಸಾಗುತ್ತಿದ್ದವು.

ಇನ್ನೊಂದು ಸಿಟ್ಟು: ಒಂದು ಸೆಕೆಂಡ್ ಕಾದು ಸಿಗ್ನಲ್ ಕಳಿಸುವ ಟೆಸ್ಟ್‌ಗಳು. ಅದು ಟೆಸ್ಟ್ ಅಲ್ಲ, ಕಣಿ ಹೇಳುವುದು. ಮೆಷಿನ್ ಮೇಲೆ ಹೊರೆ ಜಾಸ್ತಿ ಆದ ದಿನ ಟೆಸ್ಟ್ ಹುಟ್ಟಿಸಿದ ಚೈಲ್ಡ್ ಪ್ರೋಸೆಸ್ ಇನ್ನೂ ಫಿಲ್ಟರ್ರನ್ನೇ ಹಾಕಿಕೊಂಡಿರುವುದಿಲ್ಲ. 'ಫಿಲ್ಟರ್ ಹಾಕಿಕೊಂಡೆ' ಅಂತ ಚೈಲ್ಡ್ ತಾನೇ ಒಂದು ಪೈಪ್‌ನಲ್ಲಿ ಒಂದು ಬೈಟ್ ಬರೆಯಲಿ. ಸ್ಲೀಪ್‌ನೊಳಗೆ ಹೋಯಿತಾ ಅನ್ನುವುದನ್ನು ಪ್ರೋಕ್‌ನಲ್ಲಿ (ಪ್ರೋಸೆಸ್‌ಗಳ ಸ್ಥಿತಿ ತೋರಿಸುವ ಫೋಲ್ಡರ್) ನೋಡಿ, ಆಮೇಲೆ ನಿಲ್ಲಿಸುವ ಸಿಗ್‌ಸ್ಟಾಪ್, ಮುಂದುವರಿಸುವ ಸಿಗ್‌ಕಂಟ್ ಕಳಿಸಿ.

ಈಗ ಟ್ರ್ಯಾಪ್ ಮೋಡ್‌ಗೂ ಒಂದು ಟೆಸ್ಟ್ ಬರೆಯುತ್ತಿದ್ದೇನೆ. ಅಲ್ಲಿ ಬೇಡದ ಕಾಲ್‌ಗೆ ನೇರ ಕೊಲ್ಲುವ ಬದಲು ಸಿಗ್‌ಸಿಸ್ ಕಳಿಸುತ್ತದೆ, ಅದಕ್ಕೆ ನಮ್ಮದೇ ಹ್ಯಾಂಡ್ಲರ್ ಇಡಬಹುದು. ಆದರೆ ಒಳಗಿನ ಪ್ರೋಗ್ರಾಂ ಸಿಗ್‌ಸಿಸ್ಸನ್ನೇ ಬ್ಲಾಕ್ ಮಾಡಿಕೊಂಡಿದ್ದರೆ ಕರ್ನಲ್ ನಮ್ಮ ಹ್ಯಾಂಡ್ಲರ್ ತನಕ ಹೋಗುವುದೇ ಇಲ್ಲ, ನೇರ ಕೊಲ್ಲುತ್ತದೆ. ಹ್ಯಾಂಡ್ಲರ್ ಬರೆಯಬೇಕಿದ್ದ ನನ್ನ ಲಾಗ್ ಖಾಲಿ ಬರುತ್ತಿದ್ದದ್ದು ಬಹುಶಃ ಇದಕ್ಕೇ.