36 ದಾಟಿದರೂ ಮುಗಿಯದ ರೋಲು

ಮೊದಲ ದಿನ ಮೇಷ್ಟ್ರು "ಫೋಟೋಗ್ರಫಿ ಅಂದರೆ ಬೆಳಕಿನ ವಿದ್ಯೆ" ಅಂದರು. ಆಮೇಲೆ ನಮ್ಮನ್ನೆಲ್ಲ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು.

ಅದಕ್ಕೂ ಮೊದಲು ಗಣಿತ. ಗಣಿತಕ್ಕೆ ಹೆದರಿ ಫೋಟೋಗ್ರಫಿ ತಗೊಂಡವರೇ ನಮ್ಮ ಕ್ಲಾಸಿನಲ್ಲಿ ಜಾಸ್ತಿ. ಬೋರ್ಡಿನ ಮೇಲೆ 2.8, 4, 5.6, 8, 11, 16 ಅಂತ ಬಂದಾಗ ಎಲ್ಲರ ಮುಖ ಬಾಡಿತು. ಇವು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ತೂತಿನ ನಂಬರುಗಳು. ನಂಬರು ದೊಡ್ಡದಾದಷ್ಟೂ ತೂತು ಚಿಕ್ಕದು. ಒಂದೊಂದು ಹೆಜ್ಜೆಗೂ ಒಳಗೆ ಬರುವ ಬೆಳಕು ಅರ್ಧ. ಹಾಗಾದರೆ 5.6 ಯಾಕೆ, ಸುಮ್ನೆ 6 ಅನ್ನಬಾರದಾ ಅಂತ ಯಾರೋ ಕೇಳಿದರು. ಮೇಷ್ಟ್ರು ವೃತ್ತದ ವಿಸ್ತೀರ್ಣ, ಎರಡರ ವರ್ಗಮೂಲ ಅಂತ ಶುರು ಮಾಡಿದರು. ಕೇಳಿದವನ ಕಡೆ ಎಲ್ಲರೂ ದುರುಗುಟ್ಟಿ ನೋಡಿದೆವು.

ಒಂದು ಸೂತ್ರ ಮಾತ್ರ ಎಲ್ಲರಿಗೂ ಇಷ್ಟವಾಯಿತು. ಚೆನ್ನಾಗಿ ಬಿಸಿಲಿದ್ದರೆ ಅಪರ್ಚರ್ 16ಕ್ಕಿಡಿ, ಫಿಲ್ಮಿನ ಐಎಸ್‌ಒ (ಬೆಳಕು ಹಿಡಿಯುವ ಶಕ್ತಿಯ ನಂಬರು) ಎಷ್ಟೋ, ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಅಷ್ಟರಲ್ಲೊಂದು ಭಾಗದ ಹತ್ತಿರಕ್ಕಿಡಿ. 400ರ ಫಿಲ್ಮಿಗೆ ಸೆಕೆಂಡಿನ 500ರಲ್ಲಿ ಒಂದು ಭಾಗ. ಬೆಳಕು ಅಳೆಯುವ ಮೀಟರೇ ಬೇಡ. ನಾವು ಕ್ಯಾಮೆರಾ ಹಿಡಿದು ಹೊರಬಿದ್ದ ಕೂಡಲೇ ಮೋಡ ಕವಿಯಿತು, ಅದು ಬೇರೆ ಮಾತು.

ಆವತ್ತು ಎಲ್ಲರಿಗಿಂತ ಖುಷಿಯಾಗಿದ್ದವಳು ಪಕ್ಕದ ಬೆಂಚಿನ ಗೆಳತಿ. ಅವಳ ರೋಲು 36 ಫೋಟೋದ್ದು. ಕ್ಯಾಮೆರಾದ ಲೆಕ್ಕ 36 ದಾಟಿತು, ಫಿಲ್ಮು ಮುಂದೆ ಸರಿಸುವ ಲಿವರ್ ಬಿಗಿಯಾಗಲೇ ಇಲ್ಲ. "ನೋಡ್ರೇ, ನನ್ನ ರೋಲು ಇನ್ನೂ ಬರ್ತಾನೇ ಇದೆ!" ಅಂತ ಕುಣಿದಾಡಿದಳು. ಒಂದೆರಡು ಜಾಸ್ತಿ ಬರುವುದುಂಟು. ಆದರೆ ಅವಳು ನಿಲ್ಲಿಸಲೇ ಇಲ್ಲ, ನಾವೂ ಒಬ್ಬರ ಹಿಂದೊಬ್ಬರು ಹೋಗಿ ಪೋಸ್ ಕೊಟ್ಟೆವು. ಮೇಷ್ಟ್ರು ಮಾತ್ರ ಕ್ಯಾಮೆರಾದ ಎಡಗಡೆಯ ಗುಂಡಿ ನೋಡುತ್ತ ನಿಂತಿದ್ದರು. ಲಿವರ್ ಎಳೆದಾಗ ಆ ಗುಂಡಿ ತಿರುಗಬೇಕು. ತಿರುಗದಿದ್ದರೆ ಫಿಲ್ಮಿನ ತುದಿ ಒಳಗೆ ಸಿಕ್ಕಿಕೊಂಡೇ ಇಲ್ಲ, ಫಿಲ್ಮು ಡಬ್ಬಿಯಲ್ಲೇ ಹಾಯಾಗಿದೆ ಅಂತ ಲೆಕ್ಕ. ಕ್ಯಾಮೆರಾ ಎಣಿಸುವುದು ಲಿವರ್ ಎಳೆದದ್ದನ್ನು, ಫೋಟೋಗಳನ್ನಲ್ಲ. ನಾವೆಲ್ಲ ಅಷ್ಟು ಹೊತ್ತು ಹಲ್ಲು ಕಿರಿದದ್ದು ಗಾಳಿಗೆ.

ಇನ್ನು ಕತ್ತಲ ಕೋಣೆ. ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಪ್ರಿಂಟ್ ಹಾಕುವಾಗ ಮಾತ್ರ. ಕಪ್ಪು-ಬಿಳುಪು ಪ್ರಿಂಟಿನ ಪೇಪರಿಗೆ ಕೆಂಪು ಕಾಣುವುದಿಲ್ಲ, ನಮ್ಮ ಫಿಲ್ಮಿಗೆ ಎಲ್ಲ ಬಣ್ಣವೂ ಕಾಣುತ್ತದೆ. ಹಾಗಾಗಿ ಡೆವಲಪ್ ಮಾಡಲು ಫಿಲ್ಮನ್ನು ರೀಲಿಗೆ ಸುತ್ತುವಾಗ ಕಗ್ಗತ್ತಲು. ರೇಡಿಯಂ ಮುಳ್ಳಿನ ವಾಚು ಕೂಡ ಬಿಚ್ಚಿಡಬೇಕು. ಸುಮಾರು ಒಂದೂವರೆ ಮೀಟರ್ ಫಿಲ್ಮು, ಎರಡು ಕಡೆ ತಿರುಗುವ ಪ್ಲಾಸ್ಟಿಕ್ ರೀಲು, ಬೆವರಿದ ಬೆರಳು. ಒದ್ದೆ ತಾಗಿದರೆ ಫಿಲ್ಮು ಅಂಟಿಕೊಂಡು ಅಲ್ಲೇ ನಿಲ್ಲುತ್ತದೆ. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಕತ್ತಲಲ್ಲಿ ಒಂದು ಕಡೆಯಿಂದ ನಿಟ್ಟುಸಿರು, ಇನ್ನೊಂದು ಕಡೆಯಿಂದ ಏನೋ ಬಿದ್ದು ಉರುಳಿದ ಸದ್ದು. "ಅದು ನಂದು, ಯಾರೂ ತುಳೀಬೇಡಿ!" ಅಂತ ಯಾರದ್ದೋ ದನಿ. ಕ್ಲಾಸಿಗೇ ಫಸ್ಟ್ ಬರುವವನು ಈ ಕೋಣೆಯಲ್ಲಿ ಎಲ್ಲರಿಗಿಂತ ಹಿಂದೆ. ನನಗೆ ಈ ಕೋರ್ಸ್ ಹಿಡಿಸಿದ್ದೇ ಅಲ್ಲಿಂದ.

ಕೊನೆಗೂ ಎಲ್ಲರೂ "ಆಯ್ತು" ಅಂದರು. ರೀಲುಗಳನ್ನು ಕೆಮಿಕಲ್ ಸುರಿಯುವ ಟ್ಯಾಂಕಿಗಿಳಿಸಿ, ಮುಚ್ಚಳ ಹಾಕಿ ದೀಪ ಹಾಕಿದರು. ಮೇಜಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಕೊಳವೆ ಬಿದ್ದಿತ್ತು. ಟ್ಯಾಂಕಿನ ನಡುವೆ ನಿಂತು, ಒಳಗೆ ಬೆಳಕು ಹೋಗದಂತೆ ತಡೆಯುವ ಕೊಳವೆ ಅದು. ಅದನ್ನು ನೋಡಿದ ಕೂಡಲೇ ಪ್ರತಿಯೊಬ್ಬರೂ ಅವರವರ ಟ್ಯಾಂಕನ್ನು ಅಂಗೈಯಿಂದ ಮುಚ್ಚಿ ಹಿಡಿದರು, ಕೊಳವೆ ಹಾಕಿದವರು ಕೂಡ.

ಡೆವಲಪ್ ಆದ ಮೇಲೆ ಮೇಷ್ಟ್ರು ಒಂದೊಂದೇ ಫಿಲ್ಮನ್ನು ಎಕ್ಸ್‌ರೇ ನೋಡುವ ಡಾಕ್ಟರಂತೆ ಬೆಳಕಿಗೆ ಹಿಡಿದರು. ಪೂರ್ತಿ ಕಪ್ಪು, ಅಂದರೆ ಎಲ್ಲ ಕಡೆ ಬೆಳಕು ಬಿದ್ದಿದೆ: ಕೊಳವೆ ಮರೆತವನದು. ಪೂರ್ತಿ ಖಾಲಿ, ಆದರೆ ಅಂಚಿನಲ್ಲಿ ಕಂಪನಿಯ ನಂಬರುಗಳಿವೆ: ಕೆಮಿಕಲ್ ಸರಿ, ಫೋಟೋ ತೆಗೆದೇ ಇಲ್ಲ. ಅದು ಗೆಳತಿಯದು. ಪೂರ್ತಿ ಖಾಲಿ, ಅಂಚಿನ ನಂಬರೂ ಇಲ್ಲ: ಚಿತ್ರ ಮೂಡಿಸುವ ಡೆವಲಪರಿಗಿಂತ ಮೊದಲು, ಕೊನೆಗೆ ಚಿತ್ರ ನಿಲ್ಲಿಸಲು ಹಾಕುವ ಫಿಕ್ಸರ್ ಸುರಿದಿದ್ದಾರೆ. "ಇದು ಯಾರದ್ದಪ್ಪಾ?" ಅಂದಾಗ ನಮ್ಮ ಫಸ್ಟ್ ರ‍್ಯಾಂಕಿನವನು ಬಾಟಲಿಗಳೆಲ್ಲ ಒಂದೇ ಬಣ್ಣದ್ದಿವೆ ಅಂತ ವಾದಕ್ಕಿಳಿದ.

ಪ್ರಿಂಟ್ ಹಾಕುವ ದಿನ ಎಲ್ಲರ ಕಣ್ಣೂ ಡೆವಲಪರ್ ಟ್ರೇ ಮೇಲೆ. ಬಿಳಿ ಪೇಪರಿನಲ್ಲಿ ಮೊದಲು ಕೂದಲು ಬಂತು. ಆಮೇಲೆ ಹುಬ್ಬು, ಮೂಗಿನ ನೆರಳು, ತುಟಿ. ನಿಧಾನಕ್ಕೆ ಮುಖ ತುಂಬಿಕೊಂಡಿತು, ಕಣ್ಣು ಮಾತ್ರ ಬರಲಿಲ್ಲ. ಫೋಟೋದಲ್ಲಿದ್ದವನೇ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದ.

"ಇನ್ನೊಂಚೂರು ಬಿಡೋ, ಬರುತ್ತೆ" ಅಂದ.

"ಅದು ಮುಚ್ಚಿರೋ ಕಣ್ಣಪ್ಪ. ಡೆವಲಪರ್ ಅದನ್ನ ತೆರೆಸಲ್ಲ" ಅಂದರು ಮೇಷ್ಟ್ರು.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಸರ್, ಎಕ್ಸ್‌ಪೋಷರ್ ಜಾಸ್ತಿ ಕೊಟ್ಟು ನೋಡಿದರೆ?"