ಓದದೆ ಡಿಲೀಟ್ ಮಾಡಿ ಅತ್ತೆ

ನಮ್ಮಮ್ಮ ಮೊದಲೆಲ್ಲ ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಅದರಲ್ಲೊಂದು ತೊಂದರೆ ಇದೆ. ಬಳೆ, ಬಾಳೆ, ಬಲೆ ಮೂರಕ್ಕೂ ಒಂದೇ ಸ್ಪೆಲ್ಲಿಂಗ್. ಒಂದು ಸಲ ಗೌರಿ ಹಬ್ಬಕ್ಕೆ ಊರಿಗೆ ಹೊರಟಾಗ "ಬರುವಾಗ ಎರಡು ಡಜನ್ bale ತಗೊಂಡು ಬಾ" ಅಂತ ಮೆಸೇಜ್ ಬಂತು. ಏನನ್ನು ಅನ್ನುವುದನ್ನು ನಾನು ನನಗೆ ತೋಚಿದ ಹಾಗೆ ಓದಿಕೊಂಡೆ. ಬೆಂಗಳೂರಿನಿಂದ ತೀರ್ಥಹಳ್ಳಿವರೆಗೆ ರಾತ್ರಿ ಬಸ್ಸಿನಲ್ಲಿ ಎರಡು ಡಜನ್ ಏಲಕ್ಕಿ ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕಾಪಾಡಿದೆ. ನಮ್ಮದು ಅಡಿಕೆ ತೋಟ. ಅಡಿಕೆ ಮರದ ಸಾಲಿನ ನಡುವೆಲ್ಲ ಬಾಳೆ ಗಿಡ. ಬಾಗಿಲು ತೆಗೆದ ಅಮ್ಮ ಒಮ್ಮೆ ನನ್ನ ಚೀಲ ನೋಡಿದಳು, ಒಮ್ಮೆ ತೋಟ ನೋಡಿದಳು. "ಬಳೆ ಮಾರಾಯ್ತಿ, ಬಳೆ! ಗೌರಿ ಬಾಗಿನಕ್ಕೆ!" ಅಂದಳು.

ಆವತ್ತೇ ಅಮ್ಮನ ಫೋನಿನ ಕೀಬೋರ್ಡಿನಲ್ಲಿ ಮೈಕಿನ ಚಿತ್ರ ತೋರಿಸಿಕೊಟ್ಟೆ. ಅದನ್ನು ಒತ್ತಿ ಕನ್ನಡದಲ್ಲಿ ಮಾತಾಡಿದರೆ ಫೋನು ತಾನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಗೂಗಲ್ 2017ರಲ್ಲೇ ಕನ್ನಡಕ್ಕೆ ಈ ಸೌಲಭ್ಯ ಕೊಟ್ಟಿತ್ತು. ನಮ್ಮ ಮನೆ ತಲುಪುವುದು ತಡವಾಯಿತು, ನಮ್ಮೂರ ಬಸ್ಸಿನ ಹಾಗೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಮೈಕು ತಾನೇ ಆಫ್ ಆಗುತ್ತದೆ ಅಂತಲೂ ಹೇಳಿದ್ದೆ. ಆದರೆ ಅದಕ್ಕೆ ಅಮ್ಮ ಸುಮ್ಮನಿರಬೇಕಲ್ಲ!

ಅಪ್ಪನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಆದರೆ ಮನೆಯ ಸಂಶೋಧಕರು ಅಪ್ಪನೇ. ಟಿವಿ ರಿಮೋಟ್ ಕೆಲಸ ಮಾಡುತ್ತಿಲ್ಲ ಅಂದರೆ ಹಾಳಾಗಿದ್ದು ಸೆಲ್ಲೋ ಟಿವಿಯೋ ಅಂತ ತಿಳಿಯಲು ಅವರ ಹತ್ತಿರ ಒಂದು ಉಪಾಯವಿದೆ. ಫೋನಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, ರಿಮೋಟಿನ ಮೂತಿಯನ್ನು ಅದರ ಮುಂದೆ ಹಿಡಿದು ಬಟನ್ ಒತ್ತುವುದು. ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸ್ಕ್ರೀನಿನಲ್ಲಿ ಮಿಣುಕುತ್ತದೆ. ಮಿಣುಕಿದರೆ ರಿಮೋಟ್ ಸರಿ ಇದೆ. ಹಿಂದಿನ ಕ್ಯಾಮೆರಾದಲ್ಲಿ ಆ ಬೆಳಕನ್ನು ತಡೆಯುವ ಫಿಲ್ಟರ್ ಇರುವುದು ಜಾಸ್ತಿ, ಅದಕ್ಕೇ ಸೆಲ್ಫಿ ಕ್ಯಾಮೆರಾ. ಇದನ್ನು ಕಂಡುಕೊಂಡ ಮೇಲೆ ಅಪ್ಪ ಊರಿನ ಅರ್ಧ ರಿಮೋಟುಗಳನ್ನು ಪರೀಕ್ಷೆ ಮಾಡಿ ಬಂದರು. ತಂತ್ರಜ್ಞಾನದ ವಿಷಯದಲ್ಲಿ ಅವರಿಗೆ ಧೈರ್ಯ ಬಂದಿದ್ದು ಹೀಗೆ. ಮುಂದಿನ ಅನಾಹುತಕ್ಕೆ ಈ ಧೈರ್ಯವೇ ಕಾರಣ.

ಈಗ ಸಮಾಚಾರಕ್ಕೆ ಬರುತ್ತೇನೆ. ನನ್ನ ತಮ್ಮನ ಹೆಂಡತಿ ಚೊಚ್ಚಲ ಬಾಣಂತನಕ್ಕೆ ಸಾಗರದ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ತಮ್ಮ ಅಮ್ಮನಿಗೆ ಫೋನ್ ಮಾಡಿದ. ಹೆಣ್ಣು ಮಗು! ಫೋಟೋನೂ ಕಳಿಸಿದ. ಇದನ್ನು 43 ಜನರಿರುವ ನಮ್ಮ ಕುಟುಂಬದ ಗ್ರೂಪಿಗೆ ಮೊದಲು ತಿಳಿಸುವ ಹಕ್ಕು ಅಜ್ಜಿಯದ್ದೇ ಅಲ್ವಾ? ಅಮ್ಮ ಅಡುಗೆಮನೆಯಲ್ಲಿ ನಿಂತೇ ಮೈಕ್ ಒತ್ತಿದಳು. ಗ್ರೂಪಿಗೆ ಬಂದಿದ್ದು ಇದು:

"ಶುಭ ಸಮಾಚಾರ ಬೆಳಿಗ್ಗೆ ಐದು ಮುಕ್ಕಾಲಿಗೆ ನಮಗೆ ಮೊಮ್ಮಗಳು ಬಂದಳು ತಾಯಿ ಮಗು ಆರಾಮ ತೂಕ ಮೂರು ಕೆಜಿ ರೀ ಹಾಲು ಉಕ್ತಾ ಇದೆ ನೋಡ್ರೀ ಮೂಗು ಥೇಟ್ ನಮ್ಮ ಮನೇದೇ ಥೂ ಈ ಸುಡುಗಾಡು ಬೆಕ್ಕು ಮತ್ತೆ ಒಳಗೆ ಬಂತು ಎಲ್ಲರ ಆಶೀರ್ವಾದ ಇರಲಿ ನೋಡ್ತಾ ಇರಿ ಈಗ ನಿಮ್ಮ ಅಕ್ಕ ಫೋನ್ ಮಾಡ್ತಾರೆ ಹೆಸರು ನಾನೇ ಇಡ್ತೀನಿ ಅಂತ ಅವರು ಇಟ್ಟ ಹೆಸರಿಂದ ನಮ್ಮ ಮಗಳು ಇವತ್ತಿಗೂ ಅನುಭವಿಸ್ತಿದಾಳೆ"

ಅನುಭವಿಸುತ್ತಿರುವ ಮಗಳು ನಾನೇ. ಹೆಸರು ಮಾತ್ರ ಕೇಳಬೇಡಿ. ಅಪ್ಪನ ಅಕ್ಕ ಅಂದರೆ ನಮ್ಮ ದೊಡ್ಡತ್ತೆ, ಅವರೂ ಅದೇ ಗ್ರೂಪಿನಲ್ಲಿ ಇದ್ದಾರೆ.

ಅಪ್ಪ ತಮ್ಮ ಫೋನಿಗೆ ಬಂದ ಮೆಸೇಜನ್ನು ಜೋರಾಗಿ ಓದುತ್ತಾ ಅಡುಗೆಮನೆಗೆ ಬಂದರಂತೆ. ಬೆಕ್ಕಿನವರೆಗೆ ನಗುತ್ತಾ ಓದಿದವರು ಆಮೇಲೆ ಓದುವುದನ್ನು ನಿಲ್ಲಿಸಿದರು. ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡು ಮೆಸೇಜನ್ನು ಒತ್ತಿ ಹಿಡಿದರು. ಅಲ್ಲಿ ಎರಡು ದಾರಿ ಕಂಡವು. ಒಂದು, ಎಲ್ಲರಿಗೂ ಡಿಲೀಟ್ ಮಾಡುವುದು. ಇನ್ನೊಂದು, ನನಗೆ ಮಾತ್ರ ಡಿಲೀಟ್ ಮಾಡುವುದು. ಅಪ್ಪ ಯೋಚನೆ ಮಾಡಿದರು. 'ಎಲ್ಲರಿಗೂ' ಅಂತ ಒತ್ತಿದರೆ ಡಿಲೀಟ್ ಮಾಡಿದ್ದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ನಮ್ಮಷ್ಟಕ್ಕೆ ಮಾಡಿಕೊಂಡರೆ ಮರ್ಯಾದೆ ಅಂತ 'ನನಗೆ ಮಾತ್ರ' ಒತ್ತಿದರು.

ಅಮ್ಮನ ಫೋನಿನಿಂದ ಮೆಸೇಜ್ ಮಾಯವಾಯಿತು. ಉಳಿದ 42 ಫೋನುಗಳಲ್ಲಿ ಹಾಗೇ ಉಳಿಯಿತು.

ಹೀಗೆ ತಪ್ಪಿ ಒತ್ತಿದವರಿಗಾಗಿಯೇ ವಾಟ್ಸಾಪ್‌ನವರು ಕೆಳಗಡೆ 'ಅನ್‌ಡೂ' ಅಂತ ತೋರಿಸುತ್ತಾರೆ. ಅದು ಇರುವುದು ಐದು ಸೆಕೆಂಡ್. ಅಪ್ಪ ಕನ್ನಡಕ ಮೇಲೆತ್ತಿ "ಕೆಳಗೆ ಏನೋ ಬಂತಲ್ಲೇ" ಅನ್ನುವುದಕ್ಕೇ ಏಳು ಸೆಕೆಂಡ್ ಬೇಕು. ಅದು ತಪ್ಪದೇ ಇದ್ದಿದ್ದರೆ ಎಲ್ಲರಿಗೂ ಡಿಲೀಟ್ ಮಾಡಲು ಎರಡು ದಿನಕ್ಕಿಂತ ಜಾಸ್ತಿ ಅವಕಾಶ ಇತ್ತು. ಈಗ ಅಮ್ಮನ ಫೋನಿನಲ್ಲಿ ಒತ್ತಿ ಹಿಡಿಯಲು ಮೆಸೇಜೇ ಇಲ್ಲ. ಯಾರು ಯಾರು ಓದಿದರು ಅಂತ ನೋಡಲೂ ಆಗುವುದಿಲ್ಲ.

ಅಪ್ಪನ ಫೋನಿನಲ್ಲಿ ಮೆಸೇಜ್ ಇನ್ನೂ ಇತ್ತಲ್ಲ, ಫೋನೇ ಆಫ್ ಮಾಡಿದರೆ ಹೋದೀತು ಅಂತ ಪವರ್ ಬಟನನ್ನು ಗಾಬರಿಯಲ್ಲಿ ಟಕಟಕ ಒತ್ತಿದರು. ಈಗಿನ ತುಂಬಾ ಫೋನುಗಳಲ್ಲಿ ಅದನ್ನು ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ಕರೆ ಹೋಗುತ್ತದೆ. ಸೈರನ್ ಹೊಡೆದುಕೊಳ್ಳತೊಡಗಿತು. ಅದನ್ನು ನಿಲ್ಲಿಸಲು ಏನೇನೋ ಒತ್ತುವಷ್ಟರಲ್ಲಿ 112ಕ್ಕೆ ಕರೆ ಹೋಗಿಯೇಬಿಟ್ಟಿತು. ಆ ಕಡೆಯಿಂದ ಏನು ತೊಂದರೆ ಸರ್ ಅಂತ ಕೇಳಿದರಂತೆ. ಅಪ್ಪ ಸುಳ್ಳು ಹೇಳುವ ಜನ ಅಲ್ಲ. "ಇನ್ನೂ ಶುರುವಾಗಿಲ್ಲ, ನಮ್ಮ ಅಕ್ಕ ಎದ್ದ ಮೇಲೆ ಶುರುವಾಗುತ್ತೆ" ಅಂದು, ಕ್ಷಮಿಸಿ ಅಂತ ಹೇಳಿ ಫೋನ್ ಇಟ್ಟರು.

ಆಮೇಲೆ ನನಗೆ ಫೋನ್ ಬಂತು. "ನೀನು ಕಂಪ್ಯೂಟರ್ ಓದಿದವಳು, ಏನಾದ್ರೂ ಮಾಡೇ." ನಾನು ನೋಡಿದೆ. ಬೇರೆಯವರ ಮೆಸೇಜನ್ನು ಗ್ರೂಪಿನ ಅಡ್ಮಿನ್ ಮಾತ್ರ ಎಲ್ಲರಿಗೂ ಡಿಲೀಟ್ ಮಾಡಬಹುದು. ಅಬ್ಬ, ದಾರಿ ಸಿಕ್ಕಿತು ಅಂತ ಅಡ್ಮಿನ್ ಯಾರು ಅಂತ ಹುಡುಕಿದೆ.

ದೊಡ್ಡತ್ತೆ.

ಇನ್ನು ಉಳಿದಿದ್ದು ಮಣ್ಣು ಮುಚ್ಚುವ ಕೆಲಸ. ಮಗುವಿನ ಫೋಟೋ ಆರು ಸಲ ಹಾಕಿದೆ. ತೊಟ್ಟಿಲು, ಕೃಷ್ಣ, ಲಡ್ಡು, ಹಾರುವ ಬಲೂನು, ಸಿಕ್ಕ ಸಿಕ್ಕ ಸ್ಟಿಕ್ಕರ್ ಹಾಕಿದೆ. ತಮ್ಮನಿಗೂ ಹೇಳಿದೆ, ಚಿಕ್ಕಮ್ಮನ ಮಕ್ಕಳೂ ಕೈ ಜೋಡಿಸಿದರು. ಹತ್ತು ನಿಮಿಷದಲ್ಲಿ ಅಮ್ಮನ ಮೆಸೇಜ್ ಎಪ್ಪತ್ತು ಶುಭಾಶಯದ ಅಡಿ ಹೂತುಹೋಯಿತು. ಆದರೆ ದೊಡ್ಡತ್ತೆ ಕೆಳಗಿನಿಂದ ಓದುವವರಲ್ಲ. ಪಂಚಾಂಗವಾಗಲಿ ವಾಟ್ಸಾಪ್ ಆಗಲಿ, ಬಿಟ್ಟ ಜಾಗದಿಂದ ಒಂದೂ ಬಿಡದೆ ಓದುತ್ತಾರೆ. ಕೊನೆಗೆ ನಾನೇ ಫೋನ್ ಮಾಡಿದೆ.

"ಅತ್ತೆ, ಗ್ರೂಪಲ್ಲಿ ಅಮ್ಮನ ಒಂದು ಮೆಸೇಜ್ ಇದೆ. ತಪ್ಪಿ ಬಂದಿದೆ. ಅದನ್ನ ಸ್ವಲ್ಪ ಓದದೆ ಡಿಲೀಟ್ ಮಾಡ್ತೀರಾ?"

"ಓದದೆ ಯಾವುದು ಅಂತ ಹೇಗೆ ಗೊತ್ತಾಗ್ಬೇಕು ಮಾರಾಯ್ತಿ? ತಡಿ, ಕನ್ನಡಕ ಹಾಕ್ಕೊಳ್ತೀನಿ."

ನಾನು ತಡೆದೆ. ಆ ಕಡೆ ಹಾಲಿನ ತನಕ ಪಿಸುಪಿಸು ಓದು ಕೇಳಿಸಿತು. ಬೆಕ್ಕಿನ ಹತ್ತಿರ ಒಂದು ಸಣ್ಣ ನಗು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ.

"ನಿನ್ನ ಹೆಸರಿಗೆ ಏನಾಗಿದೆ ಈಗ?" ಅಂತ ಕೇಳಿದರು.

"ಏನೂ ಆಗಿಲ್ಲ ಅತ್ತೆ, ತುಂಬಾ ಚೆನ್ನಾಗಿದೆ" ಅಂದೆ. ಆಫೀಸಿನಲ್ಲಿ ಮೂವತ್ತು ಜನ ಅದನ್ನು ಮೂವತ್ತು ಥರ ಕರೆಯುತ್ತಾರೆ ಅನ್ನುವುದನ್ನು ನುಂಗಿಕೊಂಡೆ.

ಅತ್ತೆ ಡಿಲೀಟ್ ಮಾಡಲಿಲ್ಲ. ಮೆಸೇಜನ್ನು ಗ್ರೂಪಿನ ತಲೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಪಿನ್ ಮಾಡುವುದು ಅವರಿಗೆ ಗೊತ್ತಿತ್ತು. ಒಂದು ದಿನ, ಏಳು ದಿನ, ಮೂವತ್ತು ದಿನ ಅಂತ ಮೂರು ಆಯ್ಕೆ ಕೊಡುತ್ತದೆ. ಅತ್ತೆ ಮೂವತ್ತು ದಿನ ಆರಿಸಿದರು. ಅದರ ಕೆಳಗೆ ಅಮ್ಮನಿಗೆ ಉತ್ತರ ಬರೆದರು: "ಅಭಿನಂದನೆಗಳು. ಹಾಲು ಆಫ್ ಮಾಡಿದಿರಾ? ಹೆಸರು ಆರಿಸಿದ್ದೇನೆ, ನಾಮಕರಣಕ್ಕೆ ತರುತ್ತೇನೆ."

ಈಗ ಅಮ್ಮ ತುಂಬಾ ಹುಷಾರು. ಮೆಸೇಜ್ ಹೇಳಬೇಕಾದರೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿ ಹಾಲಿಲ್ಲ, ಬೆಕ್ಕಿಲ್ಲ. ಮೊನ್ನೆ ಅಲ್ಲಿಂದಲೇ ಗ್ರೂಪಿಗೆ ಕರೆಯೋಲೆ ಬಂತು:

"ಬರುವ ಭಾನುವಾರ ಮೊಮ್ಮಗಳ ನಾಮಕರಣ ಎಲ್ಲರೂ ಬಂದು ಆಶೀರ್ವದಿಸಬೇಕು ರೀ ಗಂಟೆ ಆಮೇಲೆ ಬಾರಿಸಿ ಮೈಕ್ ಆನ್ ಇದೆ"