ಸ್ಟಿಕ್ಕರ್ ಕಿತ್ತರೆ ವಾರಂಟಿ ಇಲ್ಲ ಅಂದ್ರೆ ಹೇಗೆ?

ಗೇಮಿಂಗ್ ಪಿಸಿಯಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಪವರ್ ಪ್ಲಗ್ ಪೂರ್ತಿ ಕೂತಿದೆಯಾ ಅಂತ ಕೊಂಡವರೇ ನೋಡಿಕೊಳ್ಳಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸರಿ ಸರ್, ನೋಡೋದು ಹೇಗೆ? ನಾನು ಬೆಳಗಾವಿಯಲ್ಲಿ ತಗೊಂಡ ರೆಡಿ ಗೇಮಿಂಗ್ ಪಿಸಿಯ ಮುಚ್ಚಳಕ್ಕೆ ಅಂಗಡಿಯವರು ಸ್ಟಿಕ್ಕರ್ ಅಂಟಿಸಿದ್ದರು. ಕಿತ್ತರೆ ವಾರಂಟಿ ಹೋಯಿತಂತೆ. ಗೋಕಾಕದವರೆಗೆ ಟೆಂಪೋದಲ್ಲಿ ಕುಲುಕಾಡಿ ಬಂದ ಪಿಸಿ ಅದು. ಮೂರೇ ತಿಂಗಳಿಗೆ ಸುಟ್ಟ ವಾಸನೆ. ಒಯ್ದು ಬಿಚ್ಚಿಸಿದರೆ 16 ಪಿನ್ನಿನ ಪ್ಲಗ್ಗಿನ ಮೂಲೆ ಕರಗಿತ್ತು. ಅಂಗಡಿಯವರು ಕಾರ್ಡ್ ಕಂಪನಿ ಕಡೆ ಕೈ ತೋರಿಸಿದರು, ಅವರು ಕೇಬಲ್ ಕಡೆ.

ಲೆಕ್ಕ ಹಾಕಿ ನೋಡಿ. ಈ ಪ್ಲಗ್ಗಿನ ಮಿತಿ 600 ವ್ಯಾಟ್, 12 ವೋಲ್ಟಿನಲ್ಲಿ ಅಂದರೆ 50 ಆಂಪಿಯರ್ ಕರೆಂಟ್. ಕರೆಂಟ್ ತರುವ ಆರು ತಂತಿಗೆ ಹಂಚಿದರೆ ಒಂದಕ್ಕೆ ಎಂಟರ ಮೇಲೆ. ಎರಡು ಪಿನ್ ಸಡಿಲವಾದರೆ ಉಳಿದ ನಾಲ್ಕರ ಮೇಲೆ ತಲಾ 12.5, ಬಿಸಿಯಾಗಿ ಕರಗದೆ ಇರುತ್ತಾ! ಆಮೇಲೆ ಬಂದ ಕನೆಕ್ಟರಿನಲ್ಲಿ ಸೆನ್ಸ್ ಪಿನ್ (ಕಾರ್ಡಿಗೆ ಸಂಕೇತ ಕೊಡುವ ಸಣ್ಣ ಪಿನ್) ಗಿಡ್ಡ ಮಾಡಿದ್ದಾರೆ, ಪ್ಲಗ್ ಸರಿಯಾಗಿ ಕೂರದಿದ್ದರೆ ಕಾರ್ಡ್ ಪೂರ್ತಿ ಕರೆಂಟ್ ಎಳೆಯಬಾರದು ಅಂತ. ಒಳ್ಳೇದೇ. ಆದರೆ ತಂತಿಗಳಿಗೆ ಸಮನಾಗಿ ಹಂಚುವ ಕೆಲಸ ಅದರದ್ದಲ್ಲ ಅಲ್ವಾ?

ತಗೊಳ್ಳುವವರು ಬಿಲ್ಲಿನಲ್ಲಿ ಕಾರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಪ್ಲಗ್ಗಿನ ಫೋಟೋ ಅಂಗಡಿಯಲ್ಲೇ ತೆಗೆದುಕೊಳ್ಳಿ. ನಾನು ತೆಗೆದಿರಲಿಲ್ಲ. ಈಗ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು ಕೂತಿದ್ದೇನೆ.